ಮಡಿಕೇರಿಯಲ್ಲಿ ನೆಲೆಸಬಹುದೆ? ಮೊದಲು ಒಂದು ಮಳೆಗಾಲ ಬಾಡಿಗೆಗಿದ್ದು ನೋಡಿ

ಓದುಗರ ಪ್ರಶ್ನೆ: ನಾನೂ ನನ್ನ ಪತ್ನಿಯೂ ಐವತ್ತು ದಾಟಿದವರು, ಬೆಂಗಳೂರಿನಲ್ಲಿದ್ದೇವೆ. ಕೆಲಸವನ್ನು ಎಲ್ಲಿ ಕುಳಿತಾದರೂ ಮಾಡಬಹುದು. ನಡಿಗೆ, ಚಾರಣ ನಮಗಿಬ್ಬರಿಗೂ ಇಷ್ಟ. ಪ್ರತಿ ಡಿಸೆಂಬರಿನಲ್ಲಿ ಮಡಿಕೇರಿಗೆ ಬಂದು ನಾಲ್ಕು ದಿನ ಇದ್ದು ಹೋಗುತ್ತೇವೆ. ಅಲ್ಲಿಯೇ ಒಂದು ಮನೆ ಕೊಂಡು ನೆಲೆಸಿದರೆ ಆ ನೆಮ್ಮದಿ ವರ್ಷವಿಡೀ ಸಿಗುತ್ತದೆಯೆ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೆಲೆಸಬಹುದು, ಆದರೆ ಡಿಸೆಂಬರಿನಲ್ಲಿ ಕಂಡ ಊರನ್ನು ನಂಬಿ ಮನೆ ಕೊಳ್ಳಬೇಡಿ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ಬಾಡಿಗೆಯ ಮನೆಯೊಂದರಲ್ಲಿದ್ದು, ಆಮೇಲೆ ನಿರ್ಧರಿಸಿ. ಹೊರಗಿನಿಂದ ಇಲ್ಲಿಗೆ ಬಂದು ಹಲವು ಮಳೆಗಾಲ ಕಳೆದವನಾಗಿ ಇದನ್ನು ಹೇಳುತ್ತಿದ್ದೇನೆ. ಈ ಊರಿನ ಮೇಲೆ ನನಗಿರುವ ಪ್ರೀತಿ ಅಪಾರವಾದದ್ದು, ಆದುದರಿಂದಲೇ ತಿಳಿಯದೆ ಬಂದವರು ಎರಡೇ ವರ್ಷದಲ್ಲಿ ಮನೆ ಮಾರಿ ಹೊರಡುವುದನ್ನು ಕಂಡಾಗ ಬೇಸರವಾಗುತ್ತದೆ.

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ಪಶ್ಚಿಮ ಘಟ್ಟದ ನೆತ್ತಿಯ ಮೇಲೆ ಕುಳಿತಿದೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಘಟ್ಟವನ್ನು ಏರಿ ಬಂದು ಮೊದಲು ತಲುಪುವ ಊರುಗಳಲ್ಲಿ ಇದೂ ಒಂದು. ವರ್ಷಕ್ಕೆ ಇಲ್ಲಿ ಬೀಳುವ ಮಳೆ 3,000 ಮಿಲಿಮೀಟರ್ ಮೀರುತ್ತದೆ. ಬೆಂಗಳೂರು ಇಡೀ ವರ್ಷದಲ್ಲಿ ಕಾಣುವಷ್ಟು ಮಳೆಯನ್ನು ಮಡಿಕೇರಿ ಜುಲೈ ಒಂದೇ ತಿಂಗಳಲ್ಲಿ ಕಾಣುತ್ತದೆ. ಇಲ್ಲಿನವರು ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುವುದಿಲ್ಲ. ತೋಟದ ಮನೆಗಳ ಅಂಗಳದಲ್ಲಿ ಮಳೆಮಾಪಕವಿರುತ್ತದೆ, ಬೆಳಿಗ್ಗೆ ಅದರ ನೀರನ್ನು ಅಳೆದು ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೆಯ ಒಂದು ಭಾಗ) ಪುಸ್ತಕದಲ್ಲಿ ಬರೆದಿಡುತ್ತಾರೆ. 1957ರಿಂದ ಮಡಿಕೇರಿಯಲ್ಲೇ ಅಚ್ಚಾಗುತ್ತಿರುವ ‘ಶಕ್ತಿ’ ದಿನಪತ್ರಿಕೆಯಲ್ಲಿ ಮಳೆಗಾಲದಲ್ಲಿ ಜನ ಮೊದಲು ಹುಡುಕುವುದು ಎಲ್ಲಿ ಎಷ್ಟು ಇಂಚು ಬಿತ್ತು ಎಂಬುದನ್ನು. ‘ನಿಮ್ಮಲ್ಲಿ ಎಷ್ಟಾಯ್ತು?’ ಎಂದು ಫೋನಿನಲ್ಲಿ ಯಾರಾದರೂ ಕೇಳಿದರೆ ಅದು ಮಳೆಯ ಲೆಕ್ಕವೇ ಎಂದು ತಿಳಿಯಿರಿ.

ಇಷ್ಟು ಮಳೆ ಮನೆಯೊಳಗೆ ಏನು ಮಾಡುತ್ತದೆ ಎಂಬುದು ಪ್ರವಾಸಿಗೆ ತಿಳಿಯುವುದಿಲ್ಲ. ಮೊದಲ ವರ್ಷ ನಾನು ಜೂನ್ ಆರಂಭದಲ್ಲಿ ಚರ್ಮದ ಬೂಟುಗಳನ್ನು ಒರೆಸಿ ಬೀರುವಿನ ತಳದಲ್ಲಿಟ್ಟಿದ್ದೆ. ಆಗಸ್ಟಿನಲ್ಲಿ ತೆಗೆದಾಗ ಅವುಗಳ ಮೇಲೆ ಬೆರಳಿನ ಉಗುರಿನಷ್ಟು ದಪ್ಪದ ಬೂದು ಹಸಿರು ಬೂಷ್ಟು ಬೆಳೆದಿತ್ತು, ಒಳಗೆ ಕೈಹಾಕಿದರೆ ಹಸಿ ಅಣಬೆಯ ವಾಸನೆ. ಉಪ್ಪಿನ ಜಾಡಿಯಲ್ಲಿ ನೀರು ನಿಂತಿತ್ತು. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ ಒಳಭಾಗದಲ್ಲಿಯೂ ಬೆವರುತ್ತಿತ್ತು, ಏಕೆಂದರೆ ಇಲ್ಲಿ ಮಳೆ ಮೇಲಿನಿಂದ ಬೀಳುವುದಕ್ಕಿಂತ ಗಾಳಿಯೊಂದಿಗೆ ಪಡುವಣದಿಂದ ಅಡ್ಡಲಾಗಿ ಬಂದು ಬಡಿಯುವುದೇ ಹೆಚ್ಚು. ತಾರಸಿ ಮನೆಗಳ ಮೇಲೆಯೂ ತಗಡಿನ ಇಳಿಜಾರು ಮಾಡನ್ನು ಜನ ಹಾಕಿಸಿರುವುದು ಏಕೆಂದು ನನಗೆ ಆ ವರ್ಷ ಅರ್ಥವಾಯಿತು: ಕಾಂಕ್ರೀಟು ಎಷ್ಟೇ ಚೆನ್ನಾಗಿದ್ದರೂ ನಾಲ್ಕು ತಿಂಗಳ ನೀರನ್ನು ತಡೆಯಲಾರದು, ಮೇಲಾಗಿ ಬಟ್ಟೆ ಒಣಗಿಸಲು ಮಾಡಿನಡಿಯ ಆ ಜಾಗವನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಕರೆಂಟಿನ ತಂತಿಗಳು ಕಾಫಿ ತೋಟಗಳ ನೆರಳು ಮರಗಳ ನಡುವೆ ಹಾದು ಬರುವುದರಿಂದ ಒಂದು ಸಿಲ್ವರ್ ಓಕ್ ಬಿದ್ದರೆ ಒಂದು ಇಡೀ ಬಡಾವಣೆ ಕತ್ತಲಾಗುತ್ತದೆ. ಮನೆಯಿಂದಲೇ ಕೆಲಸ ಮಾಡುವವರು ಎರಡು ದಿನ ಕರೆಂಟಿಲ್ಲದೆ, ಇಂಟರ್‌ನೆಟ್ಟಿಲ್ಲದೆ ಇರುವುದನ್ನು ತಮ್ಮ ಕಚೇರಿ ಒಪ್ಪುತ್ತದೆಯೇ ಎಂದು ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಆದರೆ ಬೂಷ್ಟು, ಕತ್ತಲೆ ಇವೆಲ್ಲ ಸಹಿಸಿಕೊಳ್ಳಬಹುದಾದ ತೊಂದರೆಗಳು. ನಿಜವಾಗಿ ಯೋಚಿಸಬೇಕಾದದ್ದು ಮನೆ ನಿಂತಿರುವ ನೆಲದ ಬಗ್ಗೆ. ಇಲ್ಲಿನ ಮಾತಿನಲ್ಲಿ ‘ಬರೆ’ ಎಂಬ ಒಂದು ಪದವಿದೆ. ಮನೆಗೋ ರಸ್ತೆಗೋ ಸಮತಟ್ಟು ಜಾಗ ಮಾಡಲು ಗುಡ್ಡವನ್ನು ಕಡಿದಾಗ ಹಿಂದೆ ನಿಲ್ಲುವ ಮಣ್ಣಿನ ಗೋಡೆಯೇ ಬರೆ. ಮಡಿಕೇರಿಯಲ್ಲಿ ಸಮತಟ್ಟು ಎನ್ನಬಹುದಾದ ಜಾಗ ಬಹಳ ಕಡಿಮೆ, ಹೀಗಾಗಿ ಹೆಚ್ಚಿನ ಮನೆಗಳ ಹಿಂದೆ ಒಂದು ಬರೆ, ಮುಂದೆ ಇನ್ನೊಬ್ಬರ ಮನೆಯ ಮಾಡು ಇರುತ್ತದೆ. ‘ಬರೆ ಕುಸಿತ’ ಎಂಬ ಸುದ್ದಿಯಿಲ್ಲದೆ ಇಲ್ಲಿನ ಯಾವ ಮಳೆಗಾಲವೂ ಮುಗಿಯುವುದಿಲ್ಲ. 2018ರ ಆಗಸ್ಟಿನಲ್ಲಿ ಆದದ್ದು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಮಕ್ಕಂದೂರು, ಮುಕ್ಕೋಡ್ಲು, ಮದೆನಾಡು, ಜೋಡುಪಾಲದ ಸುತ್ತಮುತ್ತ ಗುಡ್ಡಗಳೇ ಜಾರಿದವು. ತೋಟ, ಗದ್ದೆ, ಮನೆ ಎಲ್ಲವೂ ಕೆಸರಿನೊಂದಿಗೆ ಕಣಿವೆಗಿಳಿದವು, ಜೀವಗಳು ಹೋದವು. ಮನೆ ಕಳೆದುಕೊಂಡವರಿಗಾಗಿ ಮುಂದೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಹೊಸ ಬಡಾವಣೆಗಳೇ ಎದ್ದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯನ್ನು ಮುಚ್ಚಿತು. 2018ರ ದುರಂತವನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ವಿಪರೀತ ಮಳೆಯ ಜೊತೆಗೆ, ಕಟ್ಟಡಗಳಿಗೂ ರಸ್ತೆಗಳಿಗೂ ಇಳಿಜಾರುಗಳನ್ನು ನೆಟ್ಟಗೆ ಕಡಿದದ್ದನ್ನೂ ಕಾರಣವೆಂದು ಗುರುತಿಸಿತು.

ಆದುದರಿಂದ ಮನೆ ನೋಡಲು ಹೋದಾಗ ಮುಂದಿನ ನೋಟಕ್ಕೆ ಮರುಳಾಗದೆ ಹಿತ್ತಲಿಗೆ ಹೋಗಿ. ಬರೆ ಎಷ್ಟು ಎತ್ತರವಿದೆ, ನೆಟ್ಟಗಿದೆಯೇ ಓರೆಯಾಗಿದೆಯೇ, ಅದರ ನೆತ್ತಿಯ ಮೇಲೆ ಯಾರ ಮನೆಯಿದೆ, ಆ ಮನೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಬರೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅದು ಹಿಂದೊಮ್ಮೆ ಜಾರಿರುವುದರ ಗುರುತಾಗಿರಬಹುದು. ತಡೆಗೋಡೆ ಕಟ್ಟಿದ್ದರೆ ಅದರಲ್ಲಿ ನೀರು ಹೊರಬರಲು ಕೊಳವೆಗಳಿವೆಯೇ ಎಂದು ಪರೀಕ್ಷಿಸಿ, ಏಕೆಂದರೆ ನೀರು ಹೊರಹೋಗದ ಗೋಡೆ ಮಣ್ಣಿನ ಭಾರಕ್ಕೆ ನೀರಿನ ಭಾರವನ್ನೂ ಸೇರಿಸಿಕೊಂಡು ಒಂದು ದಿನ ಮುಂದಕ್ಕೆ ವಾಲುತ್ತದೆ. ಇಳಿಜಾರಿನ ಮರಗಳ ಕಾಂಡ ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾಗಿದ್ದರೆ ಆ ಮಣ್ಣು ವರ್ಷಗಳಿಂದ ಮೆಲ್ಲಗೆ ಕೆಳಗಿಳಿಯುತ್ತಿರುವ ಸಾಧ್ಯತೆ ಇದೆ. ಇನ್ನೊಂದು ಮಾತನ್ನು ಬಯಲುಸೀಮೆಯಿಂದ ಬರುವವರಿಗೆ ವಿಶೇಷವಾಗಿ ಹೇಳಬೇಕು. ಅಲ್ಲಿ ಮಳೆನೀರನ್ನು ಇಂಗಿಸುವುದು ಪುಣ್ಯದ ಕೆಲಸ. ಇಲ್ಲಿ ಕಡಿದ ಬರೆಯ ನೆತ್ತಿಯಲ್ಲಿ ಇಂಗುಗುಂಡಿ ತೆಗೆದರೆ ಕೆಳಗಿರುವ ಮನೆಗೆ ನೀವೇ ಅಪಾಯ ತಂದಂತೆ. ನೀರನ್ನು ಚರಂಡಿ ಹಿಡಿಸಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಸೇರಿಸುವುದೇ ಇಲ್ಲಿಯ ಕ್ರಮ.

ಜಮೀನಿನ ದಾಖಲೆಯ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಕೊಡಗಿನಲ್ಲಿ ಜಮ್ಮಾ, ಬಾಣೆ ಎಂಬ ಹಳೆಯ ಹಿಡುವಳಿಗಳಿವೆ. ಪಹಣಿಯಲ್ಲಿ ಪಟ್ಟೆದಾರರ ಹೆಸರು ಇದ್ದರೂ ಆಸ್ತಿ ಕುಟುಂಬಕ್ಕೆ ಸೇರಿದ್ದಾಗಿರುತ್ತದೆ, ಪಾಲುದಾರರು ಹಲವು ಮಂದಿ ಇರಬಹುದು. ಜಿಲ್ಲೆಯ ಕಂದಾಯ ವ್ಯವಹಾರ ಬಲ್ಲ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ.

ಇನ್ನು ನಿಮಗೆ ಪ್ರಿಯವಾದ ಚಾರಣ. ಇಲ್ಲಿ ಬೆಟ್ಟಗಳಿಗೆ ಕೊರತೆಯಿಲ್ಲ. ಕಕ್ಕಬ್ಬೆಯ ಬಳಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಕಡೆಯಿಂದ ಏರುವ ತಡಿಯಂಡಮೋಳ್ 1,748 ಮೀಟರ್ ಎತ್ತರವಿದೆ, ಕೊಡಗಿನ ಅತಿ ಎತ್ತರದ ಶಿಖರವೂ ಅದೇ. ಸೋಮವಾರಪೇಟೆಯ ಕಡೆಯಿಂದ ಕುಮಾರ ಪರ್ವತ, ದಕ್ಷಿಣದಲ್ಲಿ ಬ್ರಹ್ಮಗಿರಿ, ಊರಿಗೆ ಹತ್ತಿರದಲ್ಲಿ ಕೋಟೆ ಬೆಟ್ಟ ಮತ್ತು ಮಾಂದಲ್‌ಪಟ್ಟಿ ಇವೆ. ಆದರೆ ಇಚ್ಛೆ ಬಂದಾಗ ಹತ್ತಬಹುದೆಂಬ ಲೆಕ್ಕ ತಪ್ಪು. ಅರಣ್ಯದ ಹಾದಿಗಳನ್ನು ಮುಂಗಾರಿನಲ್ಲಿಯೂ ಬೇಸಿಗೆಯ ಕಾಡ್ಗಿಚ್ಚಿನ ದಿನಗಳಲ್ಲಿಯೂ ಇಲಾಖೆ ಮುಚ್ಚುವುದುಂಟು. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ನಂತರ ರಾಜ್ಯದಲ್ಲಿ ಚಾರಣಕ್ಕೆ ಆನ್‌ಲೈನ್ ಮುಂಗಡ ನೋಂದಣಿಯೂ ದಿನಕ್ಕಿಷ್ಟೇ ಜನ ಎಂಬ ಮಿತಿಯೂ ಬಂದವು. ಅದು ಸರಿಯಾದ ನಿರ್ಧಾರವೆಂದೇ ನಾನು ನಂಬಿದ್ದೇನೆ. ಒಟ್ಟಿನಲ್ಲಿ ನೆಮ್ಮದಿಯಿಂದ ಬೆಟ್ಟ ಹತ್ತುವ ಕಾಲ ಅಕ್ಟೋಬರಿನಿಂದ ಜನವರಿಯವರೆಗೆ ಎಂದಿಟ್ಟುಕೊಳ್ಳಿ. ಮುಂಗಾರು ಮುಗಿಯುವ ಹೊತ್ತಿಗೆ ಹೋದರೆ ಜಿಗಣೆಗಳಿರುತ್ತವೆ. ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಚ್ಚಿಕೊಳ್ಳುವ ಹಳೆಯ ಉಪಾಯ ಇಂದಿಗೂ ಕೆಲಸ ಮಾಡುತ್ತದೆ. ಸಿದ್ದಾಪುರ, ವಿರಾಜಪೇಟೆಯ ಕಡೆ ತೋಟದ ದಾರಿಗಳಲ್ಲಿ ಬೆಳಗಿನ ಜಾವ ಒಬ್ಬರೇ ನಡೆಯುವುದು ಬೇಡ. ಆನೆಗಳು ರಾತ್ರಿ ತೋಟಕ್ಕಿಳಿದು ಬೆಳಕು ಹರಿದ ಮೇಲೂ ಕಾಫಿ ಗಿಡಗಳ ನಡುವೆಯೇ ನಿಂತಿರುತ್ತವೆ, ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ.

ಇಲ್ಲಿಯವರ ಹೊರಾಂಗಣ ಬದುಕೇ ಬೇರೆ. ಅದನ್ನು ಕಂಡುಕೊಳ್ಳದೆ ಬೆಟ್ಟಗಳನ್ನು ಮಾತ್ರ ನಂಬಿ ಬಂದವರಿಗೆ ವರ್ಷದ ಎಂಟು ತಿಂಗಳು ಬೇಸರವಾಗುತ್ತದೆ. ಏಪ್ರಿಲ್, ಮೇ ತಿಂಗಳೆಂದರೆ ಹಾಕಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳ ತಂಡಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಆಡುತ್ತವೆ. ಒಂದೇ ಮನೆತನದ ತಂಡದಲ್ಲಿ ಅಜ್ಜನೂ ಮೊಮ್ಮಗಳೂ ಸ್ಟಿಕ್ ಹಿಡಿದು ಮೈದಾನಕ್ಕಿಳಿಯುವುದನ್ನು ನೋಡುತ್ತ ಒಂದು ಮಧ್ಯಾಹ್ನ ಕಳೆಯುವುದು ನನಗೆ ಯಾವ ಶಿಖರಕ್ಕಿಂತಲೂ ಕಡಿಮೆಯದೆನಿಸಿಲ್ಲ. ಮಳೆ ಹಿಡಿದ ಮೇಲೆ ಕೆಸರುಗದ್ದೆಯ ಓಟ, ಹಗ್ಗಜಗ್ಗಾಟ ನಡೆಯುತ್ತವೆ. ಹೊಳೆ ತುಂಬಿದಾಗ ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ರ‍್ಯಾಫ್ಟಿಂಗ್ ಇರುತ್ತದೆ. ಕೊಡವ ಪಂಚಾಂಗದ ಕಕ್ಕಡ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ ಆರಂಭದಲ್ಲಿ, ಮದ್ದುಸೊಪ್ಪನ್ನು ಕಡಿದು ತಂದು ಕುದಿಸಿ, ಆ ಕಡುನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ಶುಕ್ರವಾರದ ಸಂತೆಗೆ ಕಣಿಲೆ, ಮರಕೆಸು, ಕಾಡು ಅಣಬೆ ಬರುತ್ತವೆ. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆಯಾಗಿ ಒಂದು ವಾರದೊಳಗೆ ಕಾಫಿ ತೋಟಗಳೆಲ್ಲ ಬೆಳ್ಳಗಾಗುವ ಆ ಕೆಲವು ದಿನಗಳಲ್ಲಿ ಗಾಳಿಬೀಡಿನ ಕಡೆಗೆ ಸುಮ್ಮನೆ ನಡೆದುಹೋಗಿ ಬಂದರೂ ಸಾಕು.

ಊರು ಶಾಂತವೇ ಎಂದರೆ ಸೋಮವಾರದಿಂದ ಗುರುವಾರದವರೆಗೆ ಹೌದು. 2011ರ ಜನಗಣತಿಯಂತೆ ಪಟ್ಟಣದ ಜನಸಂಖ್ಯೆ ಸುಮಾರು 33 ಸಾವಿರ ಮಾತ್ರ. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ರಾಜಾಸೀಟು, ಅಬ್ಬಿ ಜಲಪಾತಗಳ ರಸ್ತೆಗಳಲ್ಲಿ ವಾಹನಗಳು ಸಾಲುಗಟ್ಟುತ್ತವೆ, ಹಾಲು ತರಲು ಹೋದವರು ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ನಿವಾಸಿಗಳು ತಮ್ಮ ಪೇಟೆ ಕೆಲಸಗಳನ್ನು ವಾರದ ನಡುವೆ ಮುಗಿಸಿಕೊಳ್ಳುವುದನ್ನು ರೂಢಿಸಿಕೊಂಡಿದ್ದಾರೆ. ದಸರೆಯ ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳ ಮೆರವಣಿಗೆಗೆ ಊರು ಬೆಳಗಿನವರೆಗೂ ಮಲಗುವುದಿಲ್ಲ. ಆ ಒಂದು ರಾತ್ರಿ ನೀವೂ ಬೀದಿಗೆ ಬನ್ನಿ.

ವೈದ್ಯಕೀಯ ವಿಷಯದಲ್ಲಿ ಐವತ್ತು ದಾಟಿದವರು ಸ್ಪಷ್ಟವಾಗಿರಬೇಕು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಬೋಧಕ ಆಸ್ಪತ್ರೆಯೂ ಇದೆ. ಆದರೂ ಹೃದಯದ, ಮಿದುಳಿನ ಗಂಭೀರ ಚಿಕಿತ್ಸೆಗೆ ಜನ ಮೈಸೂರಿಗೆ ಅಥವಾ ಮಂಗಳೂರಿಗೆ ಹೋಗುತ್ತಾರೆ. ಮೈಸೂರು ಸುಮಾರು 120 ಕಿಲೋಮೀಟರ್ ದೂರದಲ್ಲಿದೆ. ಮಂಗಳೂರಿನ ದಾರಿ ಸಂಪಾಜೆ ಘಟ್ಟದ ಮೂಲಕ ಹೋಗುತ್ತದೆ, 2018ರಲ್ಲಿ ಆ ದಾರಿಯೇ ಕುಸಿದು ಸಂಚಾರ ನಿಂತಿತ್ತು. ಇಡೀ ಜಿಲ್ಲೆಯಲ್ಲಿ ರೈಲು ಹಳಿಯಿಲ್ಲ. ನಿಯಮಿತ ಚಿಕಿತ್ಸೆ ಬೇಕಾದ ಕಾಯಿಲೆ ನಿಮ್ಮಿಬ್ಬರಲ್ಲಿ ಯಾರಿಗಾದರೂ ಇದ್ದರೆ, ಘಟ್ಟದ ಬುಡದಲ್ಲಿ ಮಳೆ ಕಡಿಮೆಯಿರುವ, ಮೈಸೂರಿಗೆ ಹತ್ತಿರವಾದ ಕುಶಾಲನಗರದಲ್ಲಿ ಮನೆ ಮಾಡಿ ಬೆಟ್ಟಗಳಿಗೆ ಬಂದು ಹೋಗುವುದು ಹೆಚ್ಚು ಜಾಣತನದ ಆಯ್ಕೆ.

ಬಾಡಿಗೆಗೆ ಮನೆ ಹುಡುಕುವುದಾದರೆ ಮೇ ತಿಂಗಳಲ್ಲಿ ಬನ್ನಿ, ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ಜೋರು ಮಳೆ ಬರುವವರೆಗೆ ಕಾಯಿರಿ. ಮಳೆ ಬರುತ್ತಿರುವಾಗಲೇ ಕೊಡೆ ಹಿಡಿದು ಆ ಮನೆಯ ಹಿಂದೆ ಹದಿನೈದು ನಿಮಿಷ ನಿಂತು, ಬರೆಯಿಂದ ಇಳಿಯುವ ನೀರು ತಿಳಿಯಾಗಿದೆಯೇ ಕೆಂಪಾಗಿದೆಯೇ, ಅದು ಚರಂಡಿಗೆ ಹೋಗುತ್ತದೆಯೇ ಅಡಿಪಾಯಕ್ಕೆ ಹೋಗುತ್ತದೆಯೇ ಎಂದು ನೋಡಿ. ಅಷ್ಟಾದ ಮೇಲೆ ಪಕ್ಕದ ಮನೆಯವರ ಬಾಗಿಲು ತಟ್ಟಿ, 2018ರ ಆಗಸ್ಟಿನಲ್ಲಿ ಅವರು ಎಲ್ಲಿದ್ದರು ಎಂದು ಕೇಳಿ.