ಎಸ್ಟೇಟ್ ರಿಕವರಿ: ಮೃತರ ಆಸ್ತಿಯ ಮೇಲೆ ಸರ್ಕಾರದ ಚಿಕಿತ್ಸಾ ಬಾಕಿ

ಎಸ್ಟೇಟ್ ಎಂದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ ಎಂಬುದು ನಮ್ಮ ರೂಢಿ. ಅಮೆರಿಕದ ಕಾನೂನಿನಲ್ಲಿ ಅದು ತೀರಿಕೊಂಡವರು ಬಿಟ್ಟುಹೋದ ಮನೆ, ಠೇವಣಿ, ಒಡವೆಗಳೆಲ್ಲ ಸೇರಿದ ಆಸ್ತಿಯ ಹೆಸರು. ಕಡಿಮೆ ಆದಾಯದವರಿಗಾಗಿ ಇರುವ ಮೆಡಿಕೇಡ್ ಯೋಜನೆಯಲ್ಲಿ ಹಿರಿಯರ ಆರೈಕೆಗೆ ಸರ್ಕಾರ ವ್ಯಯಿಸಿದ ಹಣವನ್ನು ಅವರ ಮರಣಾನಂತರ ಈ ಆಸ್ತಿಯಿಂದ ಮರಳಿ ಪಡೆಯುವ ಕ್ರಮವೇ ಎಸ್ಟೇಟ್ ರಿಕವರಿ. 65 ದಾಟಿದವರ ವಿಮೆಯಾದ ಮೆಡಿಕೇರ್‌ಗೆ ಈ ವಸೂಲಿ ಇಲ್ಲ. ಹೆಸರಿನ ಹೋಲಿಕೆಯಿಂದ ಎಷ್ಟೋ ಮನೆಗಳಲ್ಲಿ ಅನಗತ್ಯ ಗಾಬರಿಯಾಗುತ್ತದೆ.

1965ರಲ್ಲಿ ಆರಂಭವಾದ ಮೆಡಿಕೇಡ್‌ನ ವೆಚ್ಚವನ್ನು ಒಕ್ಕೂಟ ಸರ್ಕಾರ ಮತ್ತು ರಾಜ್ಯಗಳು ಹಂಚಿಕೊಳ್ಳುತ್ತವೆ. ವಸೂಲಿಯನ್ನು ಎಲ್ಲ ರಾಜ್ಯಗಳಿಗೂ ಕಡ್ಡಾಯ ಮಾಡಿದ್ದು 1993ರ ಕಾಯ್ದೆ. ಅದರಂತೆ 55 ವರ್ಷ ತುಂಬಿದ ನಂತರ ಪಡೆದ ನರ್ಸಿಂಗ್ ಹೋಮ್ ವಾಸ, ಮನೆಯಲ್ಲಿನ ದೀರ್ಘಕಾಲೀನ ಆರೈಕೆ, ಇವಕ್ಕೆ ಸಂಬಂಧಿಸಿದ ಆಸ್ಪತ್ರೆ ಮತ್ತು ಔಷಧಿಯ ಖರ್ಚನ್ನು ರಾಜ್ಯ ಕೇಳಲೇಬೇಕು. (ಅಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮೂರಿನ ಖಾಸಗಿ ಆಸ್ಪತ್ರೆಯಲ್ಲ, ಅಶಕ್ತ ವೃದ್ಧರು ವರ್ಷಗಟ್ಟಲೆ ಉಳಿಯುವ ಆರೈಕೆಯ ಮನೆ.) ವಾಸದ ಮನೆಯನ್ನು ಅರ್ಹತೆಯ ಲೆಕ್ಕದಿಂದ ಸಾಮಾನ್ಯವಾಗಿ ಹೊರಗಿಡುವುದರಿಂದ, ಕೊನೆಗೆ ಉಳಿಯುವ ಆಸ್ತಿಯೂ ಬಹುಮಟ್ಟಿಗೆ ಆ ಮನೆಯೇ.

ತಾಯಿಯ ವೈಕುಂಠ ಸಮಾರಾಧನೆ ಮುಗಿದು ಕೆಲವು ವಾರಗಳಾಗುವಷ್ಟರಲ್ಲಿ ಈ ಬಾಕಿಯನ್ನು ಕೇಳುವ ರಾಜ್ಯದ ಕಾಗದವೊಂದು ಬಂತೆನ್ನಿ. ಮೊತ್ತ ನೋಡಿದ ಮಗನಿಗೆ, ಹೆತ್ತವಳ ಋಣವೆಂದು ತನ್ನ ಉಳಿತಾಯದಿಂದಲೇ ಕಟ್ಟಿಬಿಡೋಣ ಎನಿಸುವುದು ಸಹಜ, ಏಕೆಂದರೆ ಹೆತ್ತವರ ಸಾಲಕ್ಕೆ ಮಕ್ಕಳು ಹೊಣೆ ಎಂಬ ಭಾವನೆ ನಮ್ಮಲ್ಲಿ ಅಷ್ಟು ಆಳವಾಗಿದೆ. ಭಾರತದಲ್ಲಿ ಕೂಡ, ಧರ್ಮದ ಕರ್ತವ್ಯವೆಂಬ ಕಾರಣವೊಂದರಿಂದಲೇ ತಂದೆಯ ಸಾಲಕ್ಕೆ ಮಗನನ್ನು ಹಿಡಿಯುವಂತಿಲ್ಲ ಎಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳಬೇಕಾಯಿತು. ಎಸ್ಟೇಟ್ ರಿಕವರಿಯಲ್ಲಿ ಬಾಕಿದಾರ ಮಗನಲ್ಲ, ಆಸ್ತಿ. ಆಸ್ತಿಯಲ್ಲಿ ಇದ್ದಷ್ಟು ಮಾತ್ರ ಸಲ್ಲುತ್ತದೆ, ಏನೂ ಇಲ್ಲದಿದ್ದರೆ ವಸೂಲಿಯೂ ಇಲ್ಲ. ಆದರೆ ಆಸ್ತಿಯ ನಿರ್ವಾಹಕರು ಬಾಕಿ ತೀರಿಸುವ ಮೊದಲೇ ಅದನ್ನು ವಾರಸುದಾರರಿಗೆ ಹಂಚಿಬಿಟ್ಟರೆ, ಆ ಹೊಣೆ ನಿರ್ವಾಹಕರ ಕೊರಳಿಗೇ ಬರಬಹುದು. ಆದ್ದರಿಂದ ಕಾಗದ ಬಂದಾಗ ಚೆಕ್ ಬರೆಯುವುದೂ ತಪ್ಪು, ಅದನ್ನು ಕಪಾಟಿಗೆ ಹಾಕುವುದೂ ತಪ್ಪು. ಮೊದಲು ಬಾಬ್ತುವಾರು ಲೆಕ್ಕ ಕೇಳಬೇಕು.

ಆ ಲೆಕ್ಕ ಅನೇಕರನ್ನು ದಂಗುಬಡಿಸುತ್ತದೆ. ಚಿಕಿತ್ಸೆಯನ್ನು ಖಾಸಗಿ ವಿಮಾ ಸಂಸ್ಥೆಯ ಮೂಲಕ ಕೊಡಿಸುವಲ್ಲಿ ರಾಜ್ಯವು ಪ್ರತಿ ತಿಂಗಳೂ ತಲಾ ಒಂದು ನಿಗದಿತ ಮೊತ್ತ ಕಟ್ಟುತ್ತದೆ, ಮತ್ತು ವಸೂಲಿಗೆ ಬರುವುದು ಆ ಮೊತ್ತವೇ. ಉದಾಹರಣೆಗೆ ತಿಂಗಳಿಗೆ 900 ಡಾಲರಿನಂತೆ 40 ತಿಂಗಳು ಕಟ್ಟಿದ್ದರೆ, ಅಜ್ಜಿ ವೈದ್ಯರ ಬಳಿ ಹೋದದ್ದು ನಾಲ್ಕೇ ಸಲವಾದರೂ ಬಾಕಿ 36,000 ಡಾಲರ್. ನನಗೆ ಈ ಕ್ರಮ ನ್ಯಾಯವೆಂದು ತೋರುವುದಿಲ್ಲ, ಆದರೂ ನಿಯಮ ಇರುವುದು ಹೀಗೆ.

ಯಾವ ಆಸ್ತಿಗೆ ಕೈಹಾಕಬಹುದು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕನಿಷ್ಠ ಪಕ್ಷ ಪ್ರೊಬೇಟ್, ಅಂದರೆ ನ್ಯಾಯಾಲಯದ ಮೂಲಕ ಹಂಚಿಕೆಯಾಗುವ ಆಸ್ತಿ ಸೇರುತ್ತದೆ. ಕೆಲವು ರಾಜ್ಯಗಳು ಜಂಟಿ ಮಾಲೀಕತ್ವದ ಪಾಲನ್ನೂ ಟ್ರಸ್ಟಿನಲ್ಲಿಟ್ಟದ್ದನ್ನೂ ಸೇರಿಸುತ್ತವೆ. ಮಗ ಕೊಂಡ ಮನೆಯ ಪತ್ರದಲ್ಲಿ ಪ್ರೀತಿಯಿಂದ ಅಪ್ಪನ ಹೆಸರನ್ನೂ ಸೇರಿಸುವ ನಮ್ಮವರು ಇದನ್ನು ತಿಳಿದಿರಬೇಕು. ಕನ್ನಡಿಗರು ಗಣನೀಯವಾಗಿರುವ ಕ್ಯಾಲಿಫೋರ್ನಿಯಾದಲ್ಲಿ, 2017ರ ಜನವರಿ 1ರಿಂದ ಈಚೆಗೆ ತೀರಿಕೊಂಡವರ ಪ್ರೊಬೇಟ್ ಆಸ್ತಿಗೆ ಮಾತ್ರ ವಸೂಲಿ ಸೀಮಿತವಾಗಿದೆ. ಅಲ್ಲಿ ಮರಣದ ಸುದ್ದಿಯನ್ನು ರಾಜ್ಯದ ಆರೋಗ್ಯ ಸೇವಾ ಇಲಾಖೆಗೆ 90 ದಿನಗಳೊಳಗೆ ತಿಳಿಸಬೇಕು.

ಮೃತರ ಗಂಡ ಅಥವಾ ಹೆಂಡತಿ ಬದುಕಿರುವವರೆಗೆ ವಸೂಲಿ ಕೂಡದು. 21 ತುಂಬದ ಮಕ್ಕಳಿದ್ದರೂ, ಅಂಧರಾದ ಅಥವಾ ಅಂಗವೈಕಲ್ಯವುಳ್ಳ ಮಕ್ಕಳು ಯಾವ ವಯಸ್ಸಿನವರಿದ್ದರೂ ಹಾಗೆಯೇ. ವಸೂಲಿಯಿಂದ ವಾರಸುದಾರರ ಬದುಕೇ ದುಸ್ತರವಾಗುವಂತಿದ್ದರೆ ಮನ್ನಾ ಕೋರಲು ಪ್ರತಿ ರಾಜ್ಯವೂ ದಾರಿ ಇಟ್ಟಿರಬೇಕೆಂದು ಒಕ್ಕೂಟದ ಕಾನೂನೇ ಹೇಳುತ್ತದೆ. ಆದರೆ ಈ ಮನ್ನಾ ತಾನಾಗಿ ಸಿಗುವುದಿಲ್ಲ. ಕಾಗದದಲ್ಲಿ ನಮೂದಿಸಿದ ಗಡುವಿನೊಳಗೆ, ಆಧಾರಪತ್ರಗಳೊಂದಿಗೆ, ಬರಹದಲ್ಲಿ ಕೇಳಿಕೊಳ್ಳಬೇಕು.