ಒಂದು ಚಿಟಿಕೆಯಲ್ಲಿ ಎಷ್ಟು ಕಾಳು?

ಕಳೆದ ತಿಂಗಳು ಒಬ್ಬ ಅಪ್ಪ, ಅವರ ಮಗಳು ಇಬ್ಬರೂ ಸ್ಟೀಲ್ ಡಬ್ಬಿಯಲ್ಲಿ ಒಂದು ನೀಲಿ ಬೆಟ್ಟಾ ಮೀನನ್ನು ನನ್ನ ಬಳಿ ಹೊತ್ತು ತಂದರು. ನಮ್ಮಲ್ಲಿ ಎಲ್ಲರೂ ಫೈಟರ್ ಎಂದೇ ಕರೆಯುವ ಮೀನು. ಹೊಟ್ಟೆ ಉಬ್ಬಿ, ತಳದಲ್ಲಿ ವಾಲಿಕೊಂಡು ಮಲಗಿತ್ತು. ಹುರುಪೆಗಳು ಮೈಗೆ ಅಂಟಿಕೊಂಡೇ ಇದ್ದದ್ದು ನೋಡಿ ಸಮಾಧಾನವಾಯಿತು; ಅನಾನಸಿನ ಸಿಪ್ಪೆಯಂತೆ ಎದ್ದು ನಿಂತಿದ್ದರೆ ಉಳಿಸುವುದು ಕಷ್ಟ.

"ಒಂದು ಹೊತ್ತಿಗೆ ಆಹಾರದ ಕಾಳು ಎಷ್ಟು ಹಾಕುತ್ತೀರಿ?"

"ಒಂದು ಚಿಟಿಕೆ, ಅಷ್ಟೇ ಡಾಕ್ಟರೇ."

ಅದೇ ಚಿಟಿಕೆಯನ್ನು ಬಿಳಿ ಕಾಗದದ ಮೇಲೆ ಉದುರಿಸಲು ಹೇಳಿ, ಎಣಿಸುವ ಕೆಲಸವನ್ನು ಮಗಳಿಗೆ ಕೊಟ್ಟೆ. 23 ಕಾಳು! ಬೆಳಿಗ್ಗೆ ಅಪ್ಪನದೊಂದು ಚಿಟಿಕೆ, ಸಂಜೆ ಮಗಳದೊಂದು. ಮಧ್ಯಾಹ್ನ ಅಜ್ಜಿ ಅನ್ನದ ಅಗುಳು ಹಾಕುವ ವಿಷಯ ಆಮೇಲೆ ತಡವರಿಸುತ್ತಾ ಹೊರಬಂತು.

ಬೆಟ್ಟಾ ಮೂಲತಃ ಥಾಯ್ಲೆಂಡಿನಂಥ ಕಡೆಯ ಭತ್ತದ ಗದ್ದೆ, ಜೌಗುಗಳ ಮೀನು. 2019ರಲ್ಲಿ ಆ ದೇಶ ಅದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಗದ್ದೆಯಲ್ಲಿದ್ದರೂ ಅದು ಅನ್ನಕ್ಕೆ ಒಗ್ಗಿದ್ದಲ್ಲ. ಮೇಲ್ಮುಖವಾಗಿರುವ ಬಾಯಿಯನ್ನೇ ನೋಡಿ: ನೀರಿನ ಮೇಲೆ ಬೀಳುವ ಹುಳು, ಸೊಳ್ಳೆ ಮರಿಗಳನ್ನು ಹಿಡಿಯಲೆಂದೇ ಇರುವುದು. ಹೂದಾನಿಯಲ್ಲಿ ಗಿಡದ ಬೇರು ತಿಂದು ಬದುಕುತ್ತದೆ ಎಂದು ಮಾರುವವರ ಮಾತಿಗೆ ಕಿವಿಗೊಡಬೇಡಿ.

ಕಾಳು ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಪಟ್ಟಿಯ ಮೊದಲಲ್ಲಿ ಮೀನು, ಸಿಗಡಿ ಅಥವಾ ಕೀಟ ಇರಬೇಕು, ಗೋಧಿ ಹಿಟ್ಟಲ್ಲ. ಬೆಳೆದ ಮೀನಿಗೆ ಸಣ್ಣ ಕಾಳಾದರೆ ಹೊತ್ತಿಗೆ ಮೂರು ನಾಲ್ಕು, ದಿನಕ್ಕೆ ಎರಡು ಹೊತ್ತು. ವಾರಕ್ಕೊಂದು ದಿನ ಉಪವಾಸ. ನೀವು ಗಾಜಿನ ಬಳಿ ಹೋದೊಡನೆ ಅದು ಕುಣಿಯುವುದು ಹಸಿವಿನಿಂದಲೇ ಎಂದು ತಿಳಿಯಬೇಡಿ. ಕೈ ಕಂಡರೆ ಊಟ ಎಂದು ಕಲಿತಿರುತ್ತದೆ.

ವಾರಕ್ಕೆರಡು ಸಲ ಬದಲಾವಣೆ ಇರಲಿ. ಫ್ರೋಜನ್ ಬ್ಲಡ್‌ವರ್ಮ್ (ನೀರಿನ ಸಣ್ಣ ಕೆಂಪು ಹುಳು) ಕರಗಿಸಿ ಎರಡು ಮೂರು ಎಳೆ ಕೊಡಬಹುದು. ದಿನವೂ ಅದೇ ಆದರೆ ಕಾಳಿನತ್ತ ಮೂತಿ ತಿರುಗಿಸುವುದೇ ಇಲ್ಲ. ನನ್ನ ಒಲವು ಡ್ಯಾಫ್ನಿಯಾ ಎಂಬ ನೀರಿನ ಪುಟ್ಟ ಜೀವಿಯ ಕಡೆಗೆ: ಅದರ ಹೊರಕವಚ ಪೂರ್ತಿ ಜೀರ್ಣವಾಗದೆ ನಾರಿನಂತೆ ಕರುಳಿನಲ್ಲಿರುವುದನ್ನು ಮುಂದೆ ಸಾಗಿಸುತ್ತದೆ. ಮಲಬದ್ಧತೆಗೆ ಬೇಯಿಸಿದ ಬಟಾಣಿ ಕೊಡುವವರಿದ್ದಾರೆ. ಕೀಟ ತಿನ್ನುವ ಮೀನಿಗೆ ಅದೇಕೆ? ಜೀವಂತ ಟ್ಯೂಬಿಫೆಕ್ಸ್ ಹುಳು ಕೊಳಕು ನೀರಿನಲ್ಲಿ ಬೆಳೆಯುವುದರಿಂದ ರೋಗವನ್ನೂ ಹೊತ್ತು ತರಬಹುದು, ಬೇಡ. ಸೊಳ್ಳೆ ಮರಿ ಉತ್ತಮ ಆಹಾರವೇ, ಆದರೆ ಮೀನಿಗಾಗಿ ತಾರಸಿಯಲ್ಲಿ ಬಕೆಟ್ ಇಟ್ಟು ಬೀದಿಗೆಲ್ಲ ಡೆಂಗಿ ಹಂಚಬೇಡಿ.

ಇನ್ನೊಂದು ಮಾತು ಬೆಂಗಳೂರಿನವರಿಗೆ. ಡಿಸೆಂಬರಿನಲ್ಲಿ ಹೀಟರ್ ಇಲ್ಲದ ತೊಟ್ಟಿಯ ನೀರು 24 ಡಿಗ್ರಿಗಿಂತ ಕೆಳಗಿಳಿದರೆ ಜೀರ್ಣಶಕ್ತಿಯೂ ಇಳಿಯುತ್ತದೆ. ಹೀಟರ್ ಹಾಕುವವರೆಗೆ ಕಾಳು ಕಡಿಮೆ ಮಾಡಿ.

ನೀಲಿ ಮೀನಿಗೆ ಎರಡು ದಿನ ಏನೂ ಕೊಡದೆ, ನೀರನ್ನು 27 ಡಿಗ್ರಿಯಲ್ಲಿಟ್ಟು, ಮೂರನೆಯ ದಿನ ಡ್ಯಾಫ್ನಿಯಾ ಕೊಡಲು ಹೇಳಿದ್ದೆ. ಐದನೆಯ ದಿನಕ್ಕೆ ಹೊಟ್ಟೆ ಇಳಿಯಿತು. ಮೊನ್ನೆ ಅಪ್ಪ ಒಂದು ಫೋಟೋ ಕಳುಹಿಸಿದ್ದರು: ಅಜ್ಜಿಯ ಹಳೆಯ ಮಾತ್ರೆ ಡಬ್ಬಿ, ವಾರಕ್ಕೆ ಏಳು ಮನೆಗಳದ್ದು. ಆಯಾ ದಿನದ ಮನೆಯಲ್ಲಿ ಎಣಿಸಿಟ್ಟ ಕಾಳು, ಭಾನುವಾರದ ಮನೆ ಖಾಲಿ. ಡಬ್ಬಿ ಈಗ ಅಜ್ಜಿಯ ಸುಪರ್ದಿಯಲ್ಲಿದೆಯಂತೆ.