ಡಿಎನ್‌ಎಗೇ ಅಂಟುವ ಆ್ಯಂಟಿಬಯಾಟಿಕ್: ನಮ್ಮ ಡಿಎನ್‌ಎಗೆ ಯಾಕೆ ಏಟು ಬೀಳಲ್ಲ?

ಮೈನರ್ ಗ್ರೂವ್ ಬೈಂಡರ್‌ಗಳ, ಅಂದರೆ ಡಿಎನ್‌ಎಯ ಕಿರಿದಾದ ತೋಡಿಗೆ ಅಂಟುವ ಅಣುಗಳ ಬಗ್ಗೆ ಓದುವಾಗ ಮೊದಲು ಕಾಡುವ ಪ್ರಶ್ನೆ ಇದೇ. ಡಿಎನ್‌ಎ ಬ್ಯಾಕ್ಟೀರಿಯಾದಲ್ಲೂ ಇದೆ, ನಮ್ಮಲ್ಲೂ ಇದೆ. ಅದಕ್ಕೇ ಅಂಟುವ ಔಷಧಿ ಇಬ್ಬರನ್ನೂ ಕೊಲ್ಲಬೇಕಲ್ವಾ? ಈ ಪ್ರಶ್ನೆಯನ್ನು ಹಿಡಿದುಕೊಂಡೇ ಮುಂದೆ ಓದಿ.

ಶುರು ಮಾಡೋದು ಡಿಸ್ಟಾಮೈಸಿನ್‌ನಿಂದ. ಸ್ಟ್ರೆಪ್ಟೋಮೈಸಿಸ್ ಬ್ಯಾಕ್ಟೀರಿಯಾ ತಯಾರಿಸುವ ಅಣು ಇದು. ಮೂರು ಪಿರೋಲ್ ಉಂಗುರಗಳು, ಅವುಗಳನ್ನು ಜೋಡಿಸುವ ಅಮೈಡ್ ಬಂಧಗಳು, ಬಾಲದಲ್ಲಿ ಧನಾವೇಶ ಇರುವ ಅಮಿಡಿನ್. ಇಡೀ ಅಣು ಕುಡುಗೋಲಿನ ಹಾಗೆ ಬಾಗಿದೆ. ಡಿಎನ್‌ಎ ಸುರುಳಿಯಲ್ಲಿರುವ ಎರಡು ತೋಡುಗಳಲ್ಲಿ ಕಿರಿದಾದದ್ದು ಮೈನರ್ ಗ್ರೂವ್. ಅದರ ತಿರುವಿಗೆ ಈ ಬಾಗು ಹೊಂದುತ್ತದೆ.

ಆದರೆ ಡಿಎನ್‌ಎ ಅಕ್ಷರಗಳಲ್ಲಿ ಎ-ಟಿ (ಅಡೆನಿನ್-ಥೈಮಿನ್) ಜೋಡಿಗಳು ಸಾಲಾಗಿ ಇದ್ದ ಕಡೆ ಮಾತ್ರ. ಅಮೈಡ್‌ನ ಎನ್‌ಎಚ್ ಗುಂಪುಗಳು ಅಡೆನಿನ್‌ನ ಎನ್3 ಮತ್ತು ಥೈಮಿನ್‌ನ ಒ2 ಜೊತೆ ಹೈಡ್ರೋಜನ್ ಬಂಧ ಕಟ್ಟುತ್ತವೆ. ಗ್ವಾನಿನ್ ಬಂದರೆ ಅದರ ಎನ್‌ಎಚ್2 ಗುಂಪು ತೋಡಿನೊಳಗೆ ಚಾಚಿಕೊಂಡಿರುತ್ತದೆ. ಪಿರೋಲ್‌ನ ಸಿಎಚ್ ಅದಕ್ಕೆ ತಗಲುತ್ತದೆ, ಅಣು ಒಳಗೆ ಕೂರುವುದಿಲ್ಲ. ಈಗ ಪಿರೋಲ್ ತೆಗೆದು ಇಮಿಡಜೋಲ್ ಹಾಕಿ. ಸಿಎಚ್ ಇದ್ದ ಜಾಗಕ್ಕೆ ನೈಟ್ರೋಜನ್ ಬರುತ್ತದೆ, ಅಡ್ಡಿಯಾಗಿದ್ದ ಎನ್‌ಎಚ್2 ಅದರ ಜೊತೆಗೇ ಬಂಧ ಕಟ್ಟುತ್ತದೆ. ಎಷ್ಟು ಚೆಂದದ ಉಪಾಯ! ಕಾಗದದ ಮೇಲೆ ಎರಡನ್ನೂ ಒಮ್ಮೆ ಬರೆದು ನೋಡಿ.

ಬ್ಯಾಕ್ಟೀರಿಯಾಗೆ ಇದರಿಂದ ಏನಾಗುತ್ತದೆ? ಅದರ ಪ್ರೊಮೋಟರ್‌ಗಳಲ್ಲಿ (ಜೀನ್ ಓದು ಶುರುವಾಗಲು ಬೇಕಾದ ಡಿಎನ್‌ಎ ಭಾಗಗಳಲ್ಲಿ) ಟಿಎಟಿಎಎಟಿ ತರಹದ ಎ-ಟಿ ತುಂಬಿದ ಭಾಗ ಇರುತ್ತದೆ. ಅಲ್ಲಿ ಅಣು ಕೂತರೆ ಜೀನನ್ನು ಆರ್‌ಎನ್‌ಎ ಆಗಿ ನಕಲು ಮಾಡುವ ಕಿಣ್ವವಾದ ಆರ್‌ಎನ್‌ಎ ಪಾಲಿಮರೇಸ್ ಕೆಲಸಕ್ಕೆ ತೊಂದರೆ. ಹಿಡಿಯುವ ಜಾಗ ಹಲವು ಇರುವುದರಿಂದ ಒಂದೇ ಮ್ಯುಟೇಶನ್‌ನಿಂದ ತಪ್ಪಿಸಿಕೊಳ್ಳೋದು ಕಷ್ಟ.

ಈಗ ಮೊದಲಿನ ಪ್ರಶ್ನೆ. ಆರು ಅಕ್ಷರದ ಯಾವುದೇ ಒಂದು ಸಾಲು ಲೆಕ್ಕದ ಪ್ರಕಾರ 4,096 ಅಕ್ಷರಕ್ಕೆ ಒಮ್ಮೆ ಬರುತ್ತದೆ. ನಮ್ಮ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ, ಅಂದರೆ ಅದೇ ಸಾಲು ನಮ್ಮಲ್ಲೂ ಲಕ್ಷಗಟ್ಟಲೆ ಕಡೆ ಸಿಗುತ್ತದೆ. ಅಂದ ಮೇಲೆ ಬರೀ ಅಕ್ಷರದ ಸಾಲನ್ನು ನಂಬಿ ಬ್ಯಾಕ್ಟೀರಿಯಾವನ್ನಷ್ಟೇ ಹೊಡೆಯೋಕೆ ಆಗಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲಿದೆ: ಅಣು ಯಾವುದಕ್ಕೆ ಅಂಟುತ್ತದೆ ಅನ್ನೋದಕ್ಕಿಂತ ಎಲ್ಲಿಗೆ ತಲುಪುತ್ತದೆ ಅನ್ನೋದು ಮುಖ್ಯ.

ಗ್ಲಾಸ್ಗೋದ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಕಾಲಿನ್ ಸಕ್ಲಿಂಗ್ ಅವರ ತಂಡ ಇದೇ ದಾರಿ ಹಿಡಿಯಿತು. ಅಮಿಡಿನ್ ಬಾಲದ ಬದಲು ಕ್ಷಾರಗುಣ ಕಡಿಮೆ ಇರುವ ಮಾರ್ಫೊಲಿನ್, ತಲೆಯ ಕಡೆ ಕ್ವಿನೊಲಿನ್. ಹೀಗೆ ಬಂದದ್ದು ಎಂಜಿಬಿ-ಬಿಪಿ-3. ಗ್ರಾಂ ಪಾಸಿಟಿವ್ (ಹೊರಪೊರೆ ಇಲ್ಲದ) ಬ್ಯಾಕ್ಟೀರಿಯಾ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಗ್ರಾಂ ನೆಗೆಟಿವ್‌ನವು ಎಫ್ಲಕ್ಸ್ ಪಂಪ್‌ಗಳಿಂದ ಇದನ್ನು ಹೊರಗೆ ದೂಡುತ್ತವೆ. ಬಾಯಿಯಿಂದ ಕೊಟ್ಟರೆ ಕರುಳಲ್ಲೇ ಉಳಿಯುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬೇರೆ ಔಷಧಿಗೆ ಇದು ದೋಷ. ಕರುಳಿನ ಕ್ಲಾಸ್ಟ್ರಿಡಿಯೋಯ್ಡಿಸ್ ಡಿಫಿಸಿಲ್ ಸೋಂಕಿಗೆ ಇದೇ ವರ. ಆ ಬ್ಯಾಕ್ಟೀರಿಯಾದ ಜೀನೋಮ್‌ನಲ್ಲಿ ಎ-ಟಿ ಸುಮಾರು 71% ಬೇರೆ! ಹಾಗಾಗಿ ಎರಡನೇ ಹಂತದ ಪರೀಕ್ಷೆ ಆ ಸೋಂಕಿನ ಮೇಲೇ ನಡೆಯಿತು.

ರಿಡಿನಿಲಜೋಲ್ ಅನ್ನೋ ಇನ್ನೊಂದು ಔಷಧಿ ಕೂಡ ಮೈನರ್ ಗ್ರೂವ್‌ಗೇ ಅಂಟುತ್ತದೆ, ಗುರಿಯೂ ಅದೇ ಸೋಂಕು. ಮೂರನೇ ಹಂತದ ಪರೀಕ್ಷೆಯಲ್ಲಿ ಇದು ಈ ಸೋಂಕಿಗೆ ಈಗಾಗಲೇ ಬಳಸುವ ವ್ಯಾಂಕೊಮೈಸಿನ್‌ಗಿಂತ ಮೇಲು ಅಂತ ಮುಖ್ಯ ಅಳತೆಯಲ್ಲಿ ಸಾಬೀತಾಗಲಿಲ್ಲ. ಆದರೆ ಸೋಂಕು ಮರುಕಳಿಸಿದ್ದು ರಿಡಿನಿಲಜೋಲ್ ಪಡೆದವರಲ್ಲಿ 8.1%, ವ್ಯಾಂಕೊಮೈಸಿನ್ ಪಡೆದವರಲ್ಲಿ 17.3%. ಕರುಳಿನ ಉಳಿದ ಬ್ಯಾಕ್ಟೀರಿಯಾಗಳಿಗೆ ರಿಡಿನಿಲಜೋಲ್ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಅವೇ ಡಿಫಿಸಿಲ್ ಮತ್ತೆ ತಲೆ ಎತ್ತದ ಹಾಗೆ ನೋಡಿಕೊಳ್ಳುತ್ತವೆ.